ದಾಂಪತ್ಯ, ದೇಹಸಂಬಂಧ, ಗರ್ಭನಿರೋಧಕ: ಕ್ರೈಸ್ತ ದಂಪತಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆಗೆ ಮುಂಚಿನ ಸಿದ್ಧತಾ ಶಿಬಿರದ ಎರಡನೆಯ ದಿನ ನಾವು ಬಿಸ್ಕತ್ತಿನ ಖಾಲಿ ಡಬ್ಬವೊಂದನ್ನು ಹಿಂದಿನ ಬೆಂಚಿನ ಮೇಲೆ ಇಡುತ್ತೇವೆ. ಸಾಲ, ಅತ್ತೆಮನೆ, ಕುಡಿತ ಇವುಗಳ ಬಗ್ಗೆ ಎದ್ದು ನಿಂತು ಕೇಳುವವರು ಕೂಡ ಈ ವಿಷಯ ಬಂದಾಗ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಡಬ್ಬಕ್ಕೆ ಹಾಕುತ್ತಾರೆ. ವರ್ಷಗಳಿಂದ ಹಾಗೆ ಬಂದ ಚೀಟಿಗಳಲ್ಲಿ, ಮದುವೆಯಾದ ಮೇಲೆ ಬರೆದ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣಿಸಿದ ಪ್ರಶ್ನೆಗಳನ್ನು, ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿ, ಇಲ್ಲಿ ಜೋಡಿಸಿದ್ದೇನೆ. ನಾನು ಕ್ಯಾಥೊಲಿಕ್ ಧರ್ಮಸಭೆಯವಳು. ಶಿಬಿರಕ್ಕೆ ಬರುವ ಜೋಡಿಗಳಲ್ಲಿ ಒಬ್ಬರು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಅಥವಾ ಮೆಥಡಿಸ್ಟ್ ಆಗಿರುವುದು ಅಪರೂಪವಲ್ಲವಾದ್ದರಿಂದ ಬೇರೆ ಸಭೆಗಳ ನಿಲುವನ್ನೂ ಹೇಳಿದ್ದೇನೆ. ನನ್ನ ಸ್ವಂತ ಅಭಿಪ್ರಾಯ ಬಂದಲ್ಲಿ ಅದು ನನ್ನದೆಂದು ತಿಳಿಸಿದ್ದೇನೆ.

## ಮೊದಲ ಪ್ರಶ್ನೆಗಳು

ದೇಹಸಂಬಂಧ ಇರುವುದು ಮಕ್ಕಳಿಗಾಗಿ ಮಾತ್ರವೇ?

ಅಲ್ಲ. ಇಂದು ಯಾವ ಪ್ರಮುಖ ಕ್ರೈಸ್ತ ಸಭೆಯೂ ಹಾಗೆ ಬೋಧಿಸುವುದಿಲ್ಲ. ಆದಿಕಾಂಡದ ಮೊದಲ ಎರಡು ಅಧ್ಯಾಯಗಳನ್ನು ಒಟ್ಟಿಗೆ ಓದಿದರೆ ಇದು ತಿಳಿಯುತ್ತದೆ. ಮೊದಲನೆಯ ಅಧ್ಯಾಯ ಗಂಡುಹೆಣ್ಣನ್ನು ಸೃಷ್ಟಿಸಿ ಸಂತಾನದ ಆಶೀರ್ವಾದ ಕೊಡುತ್ತದೆ. ಎರಡನೆಯ ಅಧ್ಯಾಯದಲ್ಲಿ ಮಕ್ಕಳ ಮಾತೇ ಇಲ್ಲ. ಅಲ್ಲಿರುವುದು ಮನುಷ್ಯನು ಒಂಟಿಯಾಗಿರುವುದು ಒಳ್ಳೆಯದಲ್ಲ ಎಂಬ ಮಾತು, ಅದರ ಪರಿಹಾರವಾಗಿ ಬರುವ ಜೊತೆಗಾತಿ, ಮತ್ತು ಇಬ್ಬರೂ ಒಂದೇ ಶರೀರವಾಗುವರು ಎಂಬ ವಾಕ್ಯ. ಪರಮಗೀತದ ಎಂಟು ಅಧ್ಯಾಯಗಳಲ್ಲಿ ಪ್ರೇಮಿಗಳು ಒಬ್ಬರನ್ನೊಬ್ಬರು ಹುಡುಕುತ್ತಾರೆ, ಹೊಗಳುತ್ತಾರೆ, ಹಂಬಲಿಸುತ್ತಾರೆ; ತಮಗೆ ಮಗುವಾಗಲಿ ಎಂದು ಎಲ್ಲಿಯೂ ಕೇಳಿಕೊಳ್ಳುವುದಿಲ್ಲ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಏಳನೆಯ ಅಧ್ಯಾಯದಲ್ಲಿ ದಂಪತಿಗಳು ಒಬ್ಬರಿಗೊಬ್ಬರು ಸಲ್ಲಿಸಬೇಕಾದ ಹಕ್ಕನ್ನು ಹೇಳುವಾಗಲೂ ಸಂತಾನವನ್ನು ಕಾರಣವಾಗಿ ಕೊಡುವುದಿಲ್ಲ. ಹಾಗೆಂದು ಮಕ್ಕಳು ಈ ಸಂಬಂಧಕ್ಕೆ ಹೊರಗಿನವರೂ ಅಲ್ಲ. ಐಕ್ಯ ಮತ್ತು ಸಂತಾನ ಎರಡೂ ದಾಂಪತ್ಯಕ್ಕೆ ಸೇರಿದವು ಎಂಬುದರಲ್ಲಿ ಸಭೆಗಳಿಗೆ ಒಮ್ಮತವಿದೆ. ಜಗಳವಿರುವುದು ಈ ಎರಡನ್ನು ಮನುಷ್ಯ ತಾನಾಗಿ ಬೇರ್ಪಡಿಸಬಹುದೇ ಎಂಬಲ್ಲಿ.

ಅದು ಒಂಥರಾ ಪಾಪ, ಮಕ್ಕಳಿಗಾಗಿ ಸಹಿಸಿಕೊಳ್ಳಬೇಕು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಅದು ಎಲ್ಲಿಂದ ಬಂತು?

ನಿಮ್ಮ ಅಜ್ಜಿ ಪ್ರಾಚೀನ ಕ್ರೈಸ್ತ ಚಿಂತಕ ಸಂತ ಅಗಸ್ಟೀನರನ್ನು ಓದಿರಲಾರರು. ಆದರೆ ಅವರಿಗೆ ಉಪದೇಶ ಹೇಳಿದವರಿಗೆ ಪಾಠ ಕಲಿಸಿದವರು ಓದಿದ್ದರು. ಸಂತಾನದ ಉದ್ದೇಶವಿಲ್ಲದ ಮಿಲನ ತಕ್ಕದ್ದಲ್ಲ ಎಂಬ ಮಾತು ಗ್ರೀಕ್ ಸ್ತೋಯಿಕ್ ತತ್ವಜ್ಞರಲ್ಲಿ ಪ್ರಬಲವಾಗಿತ್ತು. ಎರಡನೆಯ ಶತಮಾನದ ಕೊನೆಯಲ್ಲಿ ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಅದನ್ನು ಕ್ರೈಸ್ತ ಬೋಧನೆಗೆ ತಂದರು. ಸುಮಾರು 401ರಲ್ಲಿ ಅಗಸ್ಟೀನ್ ಮದುವೆಯ ಬಗ್ಗೆ ಬರೆಯುತ್ತಾ ಸಂತಾನ, ನಿಷ್ಠೆ, ಸಂಸ್ಕಾರ ಎಂಬ ಮೂರು ಒಳಿತುಗಳನ್ನು ಎಣಿಸಿದರು. ದಂಪತಿಗಳು ಸಂತಾನದ ಅಗತ್ಯಕ್ಕೆ ಮೀರಿ ಸುಖಕ್ಕಾಗಿ ಕೂಡುವುದು ಕ್ಷಮಾರ್ಹವಾದ ಸಣ್ಣ ದೋಷವೆಂದರು.

ಇಷ್ಟನ್ನೇ ಹೇಳಿ ಅವರನ್ನು ಬೈಯುವುದು ಈಗಿನ ರೂಢಿ. ಅವರು ಯಾರಿಗೆ ಉತ್ತರ ಕೊಡುತ್ತಿದ್ದರು ಎಂಬುದನ್ನೂ ನೋಡಬೇಕು. ಯೌವನದಲ್ಲಿ ಒಂಬತ್ತು ವರ್ಷ ಅವರು ಅನುಯಾಯಿಯಾಗಿದ್ದ ಮಾನಿಕೇಯ ಪಂಥವು ದೇಹವನ್ನು ಕತ್ತಲೆಯ ಸೆರೆಮನೆ ಎಂದು ಕಂಡು, ಮಗು ಹುಟ್ಟುವುದನ್ನೇ ಕೇಡು ಎನ್ನುತ್ತಿತ್ತು. ಅದಕ್ಕೆ ವಿರುದ್ಧವಾಗಿ ಮದುವೆ ಒಳ್ಳೆಯದು, ಮಗು ಒಳ್ಳೆಯದು ಎಂದು ವಾದಿಸಿದವರು ಅಗಸ್ಟೀನ್. ಮದುವೆಯಾಗದೆ ಹತ್ತು ವರ್ಷಕ್ಕೂ ಮೀರಿ ಒಬ್ಬಳೊಂದಿಗೆ ಬಾಳಿ, ಅಡೆಯೊಡಾಟಸ್ ಎಂಬ ಮಗನನ್ನು ಪಡೆದಿದ್ದ ಮನುಷ್ಯನ ಪಶ್ಚಾತ್ತಾಪದ ನೆರಳೂ ಆ ಬರಹದ ಮೇಲಿದೆ ಎಂದು ನನಗನ್ನಿಸುತ್ತದೆ. ಅವರ ಪ್ರಭಾವ ಬಹುಕಾಲ ಉಳಿಯಿತು. 1917ರ ಕ್ಯಾಥೊಲಿಕ್ ಧರ್ಮಸಭಾ ಕಾನೂನು ಸಂತಾನೋತ್ಪತ್ತಿ ಮತ್ತು ಪೋಷಣೆಯನ್ನು ಮದುವೆಯ ಪ್ರಥಮ ಉದ್ದೇಶವೆಂದೂ, ಪರಸ್ಪರ ನೆರವು ಮತ್ತು ಕಾಮದ ಶಮನವನ್ನು ಎರಡನೆಯದೆಂದೂ ಬರೆಯಿತು. 1983ರ ಕಾನೂನು ಆ ಮೇಲುಕೀಳನ್ನು ಕೈಬಿಟ್ಟು, ದಂಪತಿಗಳ ಒಳಿತನ್ನೂ ಸಂತಾನವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ.

"ಬಹುಸಂತಾನವುಳ್ಳವರಾಗಿ ಹೆಚ್ಚಿರಿ" ಅಂತ ದೇವರೇ ಹೇಳಿರುವಾಗ ಎಷ್ಟು ಮಕ್ಕಳಾಗಬೇಕು?

ಯಾವ ಸಭೆಯೂ ಸಂಖ್ಯೆ ಹೇಳಿಲ್ಲ. ಆ ಮಾತಿಗೆ ಮುಂಚೆ "ದೇವರು ಅವರನ್ನು ಆಶೀರ್ವದಿಸಿ" ಎಂದಿದೆ; ಆರು ವಚನ ಹಿಂದೆ ಮೀನುಗಳಿಗೂ ಪಕ್ಷಿಗಳಿಗೂ ಇದೇ ಆಶೀರ್ವಾದ ಸಿಕ್ಕಿದೆ. ಎಷ್ಟು ಮಕ್ಕಳು, ಯಾವಾಗ ಎಂಬುದನ್ನು ತಮ್ಮ ಆರೋಗ್ಯ, ಮನೆಯ ಸ್ಥಿತಿ, ಈಗಾಗಲೇ ಇರುವ ಮಕ್ಕಳ ಹಿತ ನೋಡಿ ದಂಪತಿಗಳೇ ದೇವರ ಮುಂದೆ ತೀರ್ಮಾನಿಸಬೇಕು ಎಂದು 1965ರಲ್ಲಿ ಕ್ಯಾಥೊಲಿಕ್ ಬಿಷಪರ ಎರಡನೆಯ ವ್ಯಾಟಿಕನ್ ಮಹಾಸಭೆ ಹೇಳಿತು. 2015ರಲ್ಲಿ ಮನಿಲಾದಿಂದ ಮರಳುವಾಗ ವಿಮಾನದಲ್ಲಿ ಪೋಪ್ ಫ್ರಾನ್ಸಿಸ್, ಒಳ್ಳೆಯ ಕ್ಯಾಥೊಲಿಕರಾಗಲು ಮೊಲಗಳಂತೆ ಇರಬೇಕಾಗಿಲ್ಲ ಎಂದದ್ದನ್ನು ಕೆಲವರು ನೆನಪಿಟ್ಟಿರಬಹುದು.

ಓನಾನನನ್ನು ದೇವರು ಕೊಂದದ್ದು ಗರ್ಭವಾಗದಂತೆ ತಡೆದದ್ದಕ್ಕೇ ತಾನೆ?

ಆದಿಕಾಂಡದ 38ನೆಯ ಅಧ್ಯಾಯದ ಈ ಕಥೆಯನ್ನು ಪೂರ್ತಿ ಓದದೆಯೇ ಹೆದರಿದವರು ಬಹಳ. ಯೆಹೂದನ ಹಿರಿಯ ಮಗ ಏರ್ ಮಕ್ಕಳಿಲ್ಲದೆ ಸತ್ತ. ಅಣ್ಣನ ವಿಧವೆ ತಾಮಾರಳನ್ನು ಕೂಡಿ ಅಣ್ಣನ ಹೆಸರಿನಲ್ಲಿ ಸಂತಾನ ಹುಟ್ಟಿಸುವುದು ತಮ್ಮ ಓನಾನನ ಕರ್ತವ್ಯವಾಗಿತ್ತು. ಹುಟ್ಟುವ ಮಗು ತನ್ನದಾಗುವುದಿಲ್ಲವೆಂದು ತಿಳಿದ ಅವನು ಅವಳನ್ನು ಕೂಡುತ್ತಲೇ ವೀರ್ಯವನ್ನು ನೆಲಕ್ಕೆ ಬಿಟ್ಟ. ಅದು ಕರ್ತನಿಗೆ ಕೆಟ್ಟದ್ದಾಗಿ ಕಂಡು ಅವನು ಸತ್ತ.

ಹಳೆಯ ವ್ಯಾಖ್ಯಾನಕಾರರಲ್ಲಿ ಹೆಚ್ಚಿನವರು ವೀರ್ಯ ಚೆಲ್ಲಿದ್ದೇ ಅಪರಾಧ ಎಂದರು. ಈಗಿನ ಬೈಬಲ್ ವಿದ್ವಾಂಸರಲ್ಲಿ ಅನೇಕರು ತಾಮಾರಳಿಗೂ ಸತ್ತ ಅಣ್ಣನಿಗೂ ಬಗೆದ ದ್ರೋಹವೇ ಅಪರಾಧ ಎನ್ನುತ್ತಾರೆ. ಇದಕ್ಕೆ ಕ್ಯಾಥೊಲಿಕ್ ಕಡೆಯ ಮರುಪ್ರಶ್ನೆ ತೂಕದ್ದೇ: ಮೈದುನ ಧರ್ಮವನ್ನು ನಿರಾಕರಿಸಿದವನಿಗೆ ಧರ್ಮೋಪದೇಶಕಾಂಡ ಹೇಳುವ ಶಿಕ್ಷೆ ಕಾಲಿನ ಕೆರ ಕಳಚಿಸಿ ಮುಖಕ್ಕೆ ಉಗುಳುವುದಷ್ಟೇ, ಹಾಗಿದ್ದರೆ ಓನಾನನಿಗೆ ಮರಣ ಏಕೆ? ಓನಾನ್ ಬರಿದೇ ನಿರಾಕರಿಸಲಿಲ್ಲ, ಒಪ್ಪಿದಂತೆ ನಟಿಸಿ ಅವಳ ದೇಹವನ್ನು ಬಳಸಿಕೊಂಡ ಎಂಬುದು ನನಗೆ ಸರಿಯೆನಿಸುವ ಉತ್ತರ. ಏನೇ ಇರಲಿ, ಮಾತನಾಡಿಕೊಂಡು ನಿರ್ಧರಿಸಿದ ಗಂಡಹೆಂಡಿರ ತಲೆಯ ಮೇಲೆ ಈ ಕಥೆಯೊಂದನ್ನೇ ಕತ್ತಿಯಂತೆ ತೂಗಿಸುವುದು ಸಲ್ಲದು.

## ಸಭೆಗಳು ಹೇಳುವುದು

ಯಾರು ಏನು ಹೇಳುತ್ತಾರೆ, ಸುತ್ತಿ ಬಳಸದೆ ಹೇಳಿ.

ಕ್ಯಾಥೊಲಿಕ್ ಧರ್ಮಸಭೆ: ಮಕ್ಕಳ ನಡುವೆ ಅಂತರವಿಡಬಹುದು, ಅದಕ್ಕೆ ಫಲವತ್ತಾದ ದಿನಗಳಲ್ಲಿ ದೂರವಿರಬೇಕೇ ಹೊರತು ಕೃತಕ ವಿಧಾನ ಬಳಸಬಾರದು. ಸಿ.ಎಸ್.ಐ., ಮೆಥಡಿಸ್ಟ್ ಮುಂತಾದ ಮುಖ್ಯ ಪ್ರೊಟೆಸ್ಟೆಂಟ್ ಸಭೆಗಳು: ದಂಪತಿಗಳ ಮನಸ್ಸಾಕ್ಷಿಗೆ ಬಿಟ್ಟದ್ದು. ಸುವಾರ್ತಿಕ ಮತ್ತು ಪೆಂತೆಕೊಸ್ತ್ ಸಭೆಗಳಲ್ಲಿ ಬಹುಪಾಲು ಕೂಡ ಹಾಗೆಯೇ, ಆದರೆ ಭ್ರೂಣಕ್ಕೆ ಅಪಾಯ ತರುವುದು ಕೂಡದು. ಆರ್ಥೊಡಾಕ್ಸ್ ಸಭೆಗಳಲ್ಲಿ ಒಂದೇ ಮಾತಿಲ್ಲ. ರಷ್ಯನ್ ಆರ್ಥೊಡಾಕ್ಸ್ ಸಭೆ 2000ದಲ್ಲಿ ಹೊರಡಿಸಿದ ದಸ್ತಾವೇಜು, ಗರ್ಭಪಾತಕ್ಕೆ ಕಾರಣವಾಗದ ವಿಧಾನಗಳನ್ನು ಗರ್ಭಪಾತಕ್ಕೆ ಸಮವೆನ್ನಲಾಗದು ಎಂದಿದೆ.

ಪ್ರೊಟೆಸ್ಟೆಂಟರು ಮೊದಲಿನಿಂದಲೂ ಒಪ್ಪುತ್ತಿದ್ದರೇ?

ಇಲ್ಲ. ಪ್ರೊಟೆಸ್ಟೆಂಟ್ ಪಂಥದ ಮೂಲಪುರುಷರಾದ ಲೂಥರ್, ಕ್ಯಾಲ್ವಿನ್ ಇಬ್ಬರೂ ಓನಾನನನ್ನು ಕುರಿತು ಬರೆದದ್ದು ಯಾವ ಪೋಪರ ಮಾತಿಗಿಂತಲೂ ಮೆದುವಾಗಿಲ್ಲ. ಗರ್ಭನಿರೋಧಕ ಸಾಧನಗಳನ್ನು ಅಂಚೆಯಲ್ಲಿ ಕಳಿಸುವುದನ್ನು ಅಪರಾಧವಾಗಿಸಿದ 1873ರ ಅಮೆರಿಕದ ಕಾನೂನು ಪ್ರೊಟೆಸ್ಟೆಂಟ್ ಸುಧಾರಕರ ಒತ್ತಾಯದಿಂದಲೇ ಬಂದದ್ದು. ಆಂಗ್ಲಿಕನ್ ಬಿಷಪರ ಲ್ಯಾಂಬೆತ್ ಸಮ್ಮೇಳನ 1908ರಲ್ಲೂ 1920ರಲ್ಲೂ ಗರ್ಭನಿರೋಧಕವನ್ನು ಖಂಡಿಸಿತ್ತು. 1930ರ ಆಗಸ್ಟಿನಲ್ಲಿ ಅದೇ ಸಮ್ಮೇಳನ ಹದಿನೈದನೆಯ ನಿರ್ಣಯದಲ್ಲಿ, 193 ಮತಗಳು ಪರವಾಗಿ 67 ವಿರೋಧವಾಗಿ, ಸ್ಪಷ್ಟ ನೈತಿಕ ಹೊಣೆಯಿದ್ದಾಗ ದೂರವಿರುವುದನ್ನು ಬಿಟ್ಟು ಬೇರೆ ವಿಧಾನಗಳನ್ನೂ ಬಳಸಬಹುದೆಂದು ಬಾಗಿಲು ತೆರೆಯಿತು. ಸ್ವಾರ್ಥ, ಭೋಗ, ಬರಿಯ ಅನುಕೂಲ ಇವು ಕಾರಣವಾಗಬಾರದೆಂದು ಎಚ್ಚರಿಸಿತು. ಅದೇ ವರ್ಷದ ಡಿಸೆಂಬರ್ 31ರಂದು ಪೋಪ್ ಹನ್ನೊಂದನೆಯ ಪಿಯೂಸ್ ಹೊರಡಿಸಿದ ವಿಶ್ವಪತ್ರ (ಪೋಪರು ಇಡೀ ಧರ್ಮಸಭೆಗೆ ಬರೆಯುವ ಬೋಧನಾ ಪತ್ರ) ಆ ಬಾಗಿಲನ್ನು ಕ್ಯಾಥೊಲಿಕರ ಪಾಲಿಗೆ ಮುಚ್ಚಿತು.

ಆ 1930ರಲ್ಲಿಯೇ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಜನನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಒಪ್ಪಿಗೆ ಕೊಟ್ಟಿತು. ಸರ್ಕಾರವೇ ನಡೆಸಿದ ಇಂಥ ಚಿಕಿತ್ಸಾಲಯಗಳಲ್ಲಿ ಜಗತ್ತಿನಲ್ಲೇ ಮೊದಲಿನವೆಂದು ಇವುಗಳನ್ನು ಹೆಸರಿಸುತ್ತಾರೆ. ಲಂಡನ್ನಿನ ಬಿಷಪರು, ರೋಮಿನ ಪೋಪರು, ಮೈಸೂರಿನ ದಿವಾನರ ಕಚೇರಿ ಮೂರೂ ಹನ್ನೆರಡೇ ತಿಂಗಳೊಳಗೆ ಒಂದೇ ಪ್ರಶ್ನೆಗೆ ಉತ್ತರ ಬರೆದದ್ದನ್ನು ಶಿಬಿರದಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನವರೂ ತಲೆಯೆತ್ತುತ್ತಾರೆ.

ಪೋಪರು ಮಾತ್ರೆಗೆ ಒಪ್ಪುತ್ತಾರೆ ಅಂತ ಒಂದು ಕಾಲದಲ್ಲಿ ಎಲ್ಲರೂ ಅಂದುಕೊಂಡಿದ್ದರಂತೆ. ನಿಜವೇ?

ನಿಜ. 1960ರಲ್ಲಿ ಅಮೆರಿಕದಲ್ಲಿ ಗರ್ಭನಿರೋಧಕ ಮಾತ್ರೆಗೆ ಅನುಮತಿ ಸಿಕ್ಕಿತು. ಅದರ ಪ್ರಯೋಗಗಳಲ್ಲಿ ಮುಂದಾಳಾಗಿದ್ದ ವೈದ್ಯ ಜಾನ್ ರಾಕ್ ನಿತ್ಯ ಬಲಿಪೂಜೆಗೆ ಹೋಗುವ ಕ್ಯಾಥೊಲಿಕ್. ಮಾತ್ರೆ ಯಾವ ಅಡ್ಡಗೋಡೆಯನ್ನೂ ಕಟ್ಟುವುದಿಲ್ಲ, ದೇಹದ ಸ್ವಂತ ಲಯವನ್ನೇ ಸ್ವಲ್ಪ ಹಿಗ್ಗಿಸುತ್ತದೆ ಎಂಬುದು ಅವರ ವಾದ. 1963ರಲ್ಲಿ ಪೋಪ್ ಇಪ್ಪತ್ತಮೂರನೆಯ ಯೊವಾನ್ನರು ನೇಮಿಸಿದ ಸಣ್ಣ ಆಯೋಗವನ್ನು ಮುಂದಿನ ಪೋಪ್ ಆರನೆಯ ಪೌಲರು ಹಿಗ್ಗಿಸಿ, ವೈದ್ಯರನ್ನೂ ಮದುವೆಯಾದ ದಂಪತಿಗಳನ್ನೂ ಸೇರಿಸಿದರು. 1966ರಲ್ಲಿ ಆಯೋಗದ ಬಹುಮತ ಬೋಧನೆ ಬದಲಾಗಬಹುದು ಎಂದಿತು. ಮರುವರ್ಷ ಆ ವರದಿ ಪತ್ರಿಕೆಗಳಿಗೆ ಸೋರಿ, ಜನ ಬದಲಾವಣೆ ಆಗಿಯೇ ಹೋಯಿತೆಂದು ನಂಬಿದರು.

1968ರ ಜುಲೈ 25ರ ದಿನಾಂಕದ 'ಹುಮಾನೆ ವೀಟೆ' ವಿಶ್ವಪತ್ರ ಬೇರೆಯದನ್ನೇ ಹೇಳಿತು. ಮಿಲನಕ್ಕೆ ದಂಪತಿಗಳನ್ನು ಒಂದಾಗಿಸುವ ಅರ್ಥ, ಜೀವ ನೀಡುವ ಅರ್ಥ ಎಂದು ಎರಡಿವೆ. ದೇವರು ಬೆಸೆದ ಈ ಎರಡನ್ನು ಮನುಷ್ಯ ತಾನಾಗಿ ಬಿಡಿಸುವಂತಿಲ್ಲ ಎಂಬ ಅದರ ಹನ್ನೆರಡನೆಯ ಪರಿಚ್ಛೇದವೇ ಇಂದಿಗೂ ಕ್ಯಾಥೊಲಿಕ್ ನಿಲುವಿನ ಬೇರು. ನಮ್ಮ ದೇಶದಲ್ಲಿ ಅದೇ ವರ್ಷ ಸರ್ಕಾರ ಮೂರಕ್ಕೆ ಹದಿನೈದು ಪೈಸೆಯಂತೆ ನಿರೋಧ್ ಕಾಂಡೋಮ್ ಮಾರತೊಡಗಿತ್ತು. ಗೋಡೆಗಳ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಪೀಠದಿಂದ ವಿಶ್ವಪತ್ರದ ಓದು: ನಮ್ಮ ತಂದೆತಾಯಿಯರ ಪೀಳಿಗೆ ಮದುವೆಯಾದದ್ದು ಈ ಎರಡರ ನಡುವೆ.

## ವಿಧಾನಗಳ ಬಗ್ಗೆ

ದಿನ ಲೆಕ್ಕ ಹಾಕಿ ದೂರ ಇರುವುದೂ ಮಗು ಬೇಡ ಅಂತಲೇ ಅಲ್ಲವೇ? ಕಾಂಡೋಮಿಗೂ ಅದಕ್ಕೂ ಏನು ವ್ಯತ್ಯಾಸ?

ಡಬ್ಬದಲ್ಲಿ ಅತಿ ಹೆಚ್ಚು ಸಿಗುವ ಚೀಟಿ ಇದು. ಪ್ರಶ್ನೆ ಕೇಳಿದವರು ಜಾಣರು ಕೂಡ. ಕ್ಯಾಥೊಲಿಕ್ ಉತ್ತರ ಹೀಗಿದೆ: ಉದ್ದೇಶ ಒಂದೇ ಇರಬಹುದು, ಮಾಡುವ ಕೆಲಸ ಬೇರೆ. ಒಂದರಲ್ಲಿ ದಂಪತಿಗಳು ಕೂಡದೆ ಇರುತ್ತಾರೆ. ಇನ್ನೊಂದರಲ್ಲಿ ಕೂಡುತ್ತಲೇ ಆ ಕೂಟದ ಫಲವನ್ನು ತಾವೇ ಕೆಡಿಸುತ್ತಾರೆ. ನಮ್ಮ ಕಡೆಯ ಹಿರಿಯ ಉಪದೇಶಿಯೊಬ್ಬರು ಇದನ್ನು ಹೊಲದ ಮಾತಿನಲ್ಲಿ ಹೇಳುತ್ತಿದ್ದರು: ಈ ವರ್ಷ ಬಿತ್ತುವುದು ಬೇಡವೆಂದು ಹೊಲವನ್ನು ಬೀಳು ಬಿಡುವವನು ಬೇರೆ, ಬೀಜ ಹುರಿದು ತಂದು ಬಿತ್ತನೆಯ ಶಾಸ್ತ್ರ ಮಾಡುವವನು ಬೇರೆ. 1951ರಲ್ಲಿ ಇಟಲಿಯ ಸೂಲಗಿತ್ತಿಯರಿಗೆ ಮಾಡಿದ ಭಾಷಣದಲ್ಲಿ ಹನ್ನೆರಡನೆಯ ಪಿಯೂಸರು, ತೂಕದ ಕಾರಣವಿದ್ದರೆ ದಿನ ನೋಡಿ ದೂರವಿರಬಹುದೆಂದು ಒಪ್ಪಿದರು. ಕಾರಣವಿಲ್ಲದೆ, ಬರಿಯ ಸ್ವಾರ್ಥದಿಂದ ಮಾಡಿದರೆ ಅದೂ ತಪ್ಪೇ ಎಂಬುದನ್ನು ನಾವು ಹೇಳಲು ಮರೆಯುತ್ತೇವೆ.

ಪ್ರೊಟೆಸ್ಟೆಂಟ್ ಚಿಂತಕರ ಮರುಮಾತು ಹೀಗಿದೆ: ಪ್ರತಿಯೊಂದು ಕೂಟವನ್ನೂ ಬೇರೆ ಬೇರೆಯಾಗಿ ತೂಗುವುದೇಕೆ, ಒಟ್ಟು ದಾಂಪತ್ಯ ಸಂತಾನಕ್ಕೆ ತೆರೆದಿದ್ದರೆ ಸಾಲದೇ? ಥರ್ಮಾಮೀಟರು, ಚಾರ್ಟು ಹಿಡಿದು ಲೆಕ್ಕ ಹಾಕುವುದು ಎಷ್ಟರಮಟ್ಟಿಗೆ ಸಹಜ? ವ್ಯತ್ಯಾಸ ನಿಜವಾದದ್ದು, ಆದರೆ ಕೆಲವರು ಪೀಠದ ಮೇಲಿಂದ ಹೇಳುವಷ್ಟು ದಪ್ಪನೆಯ ಗೆರೆಯಲ್ಲ ಎಂಬುದು ನನ್ನ ಎಣಿಕೆ. ನನ್ನನ್ನು ಒಪ್ಪಿಸಿದ್ದು ಇನ್ನೊಂದು ಸಂಗತಿ. ಈ ವಿಧಾನದಲ್ಲಿ ಗಂಡನಿಗೂ ಲೆಕ್ಕ ಗೊತ್ತಿರಲೇಬೇಕು. ಮಿಕ್ಕ ವಿಧಾನಗಳಲ್ಲಿ ಮಾತ್ರೆ ನುಂಗುವವಳು, ಚುಚ್ಚಿಸಿಕೊಳ್ಳುವವಳು, ಕೊಯ್ಸಿಕೊಳ್ಳುವವಳು ಬಹುಮಟ್ಟಿಗೆ ಅವಳೊಬ್ಬಳೇ.

ನೈಸರ್ಗಿಕ ವಿಧಾನ ನಂಬಬಹುದೇ? ನಮ್ಮಕ್ಕನಿಗೆ ಅದರಲ್ಲೇ ಮೂರನೆಯದು ಆಯಿತು.

ನಿಮ್ಮಕ್ಕ ಬಳಸಿದ್ದು ಯಾವುದು ಎಂಬುದರ ಮೇಲೆ ಉತ್ತರ ನಿಂತಿದೆ. ಜಪಾನಿನ ಒಗಿನೊ ಮತ್ತು ಆಸ್ಟ್ರಿಯದ ಕ್ನಾಸ್ 1920ರ ದಶಕದಲ್ಲಿ ಕಂಡುಕೊಂಡದ್ದರಿಂದ ಹುಟ್ಟಿದ ಹಳೆಯ ಕ್ಯಾಲೆಂಡರ್ ಲೆಕ್ಕ, ಮುಟ್ಟು ತಪ್ಪದೆ ಬರುವವರಲ್ಲೂ ಕೈಕೊಡುತ್ತಿತ್ತು. ಆಸ್ಟ್ರೇಲಿಯದ ಬಿಲ್ಲಿಂಗ್ಸ್ ದಂಪತಿಗಳು ರೂಪಿಸಿದ ವಿಧಾನ ಯೋನಿಯ ಲೋಳೆಯನ್ನು ದಿನವೂ ಗಮನಿಸುತ್ತದೆ: ಒಣಗಿದ ದಿನಗಳು, ಅಂಟಂಟಾದ ದಿನಗಳು, ಮೊಟ್ಟೆಯ ಬಿಳಿಯಂತೆ ಜಾರುವ, ಎಳೆಯಾಗಿ ಬರುವ ದಿನಗಳು. ಕೊನೆಯವು ಫಲವತ್ತಿನ ತುದಿ. ಅಂಡ ಬಿಡುಗಡೆಯಾದ ಮೇಲೆ ಮುಂಜಾನೆಯ ಮೈಶಾಖ ಅರ್ಧ ಡಿಗ್ರಿ ಸೆಲ್ಸಿಯಸ್ಸಿಗೂ ಕಡಿಮೆಯಷ್ಟು ಏರಿ ಹಾಗೆಯೇ ನಿಲ್ಲುತ್ತದೆ. ವೀರ್ಯಾಣು ಐದು ದಿನದವರೆಗೆ, ಅಂಡ ಒಂದು ದಿನದೊಳಗೆ ಮಾತ್ರ ಜೀವಂತ. ಹೀಗಾಗಿ ಎಚ್ಚರ ಬೇಕಾದದ್ದು ತಿಂಗಳಿಗೆ ಆರೇಳು ದಿನ, ಆ ದಿನಗಳನ್ನು ಸರಿಯಾಗಿ ಗುರುತಿಸುವುದರಲ್ಲಿ ಎಲ್ಲವೂ ಇದೆ.

ಅಮೆರಿಕದ ಆರೋಗ್ಯ ಸಂಸ್ಥೆ ಸಿ.ಡಿ.ಸಿ. ಕೊಡುವ ಲೆಕ್ಕದಲ್ಲಿ, ಸಾಮಾನ್ಯ ಬಳಕೆಯಲ್ಲಿ ವರ್ಷಕ್ಕೆ ನೂರಕ್ಕೆ ಏಳು ಮಹಿಳೆಯರು ಮಾತ್ರೆಯಿದ್ದೂ, ಹದಿಮೂರು ಮಂದಿ ಕಾಂಡೋಮಿದ್ದೂ ಗರ್ಭ ಧರಿಸುತ್ತಾರೆ. ನೈಸರ್ಗಿಕ ವಿಧಾನಗಳಿಗೆ ಆ ಸಂಖ್ಯೆ ಎರಡರಿಂದ ಇಪ್ಪತ್ತಮೂರರವರೆಗೆ ಹರಡಿದೆ. ಇಷ್ಟು ಹರಡಲು ವಿಧಾನಗಳಲ್ಲಿರುವ ವ್ಯತ್ಯಾಸ ಮತ್ತು ಕಲಿತವರ ಶ್ರದ್ಧೆ ಎರಡೂ ಕಾರಣ. ಮದರ್ ತೆರೇಸಾ 1979ರ ನೊಬೆಲ್ ಭಾಷಣದಲ್ಲಿ, ಕಲ್ಕತ್ತೆಯ ಕೊಳೆಗೇರಿಗಳ ಬಡವರಿಗೆ ತಮ್ಮ ಸೋದರಿಯರು ಇದನ್ನು ಕಲಿಸುವುದಾಗಿ ಹೇಳಿದರು. ಓದುಬರಹ ಇಲ್ಲದಿರುವುದು ಅಡ್ಡಿಯಲ್ಲ ಎಂಬುದಕ್ಕೆ ಅದು ಸಾಕ್ಷಿ. ರಾತ್ರಿ ಪಾಳಿ ಮಾಡುವವರಿಗೆ ಮೈಶಾಖದ ಲೆಕ್ಕ ಸರಿಹೋಗುವುದು ಕಷ್ಟ. ನಾನು ಬಲ್ಲ ಮನೆಯೊಂದರಲ್ಲಿ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಪೆನ್ಸಿಲಿನ ಸಣ್ಣ ಚುಕ್ಕೆಗಳಿರುತ್ತವೆ, ಹಾಕುವವನು ಗಂಡ. ಅತ್ತೆ ಅದನ್ನು ಇಂದಿಗೂ ಗ್ಯಾಸ್ ಸಿಲಿಂಡರಿನ ಗುರುತೆಂದೇ ತಿಳಿದಿದ್ದಾರೆ.

ವಂಕಿ, ಮಾಲಾ-ಎನ್, ಅಂತರಾ, ಛಾಯಾ ಇವೆಲ್ಲ ಗರ್ಭಪಾತಕ್ಕೆ ಸಮವೇ?

ಒಂದೇ ಬುಟ್ಟಿಗೆ ಹಾಕಬೇಡಿ. ಮಾಲಾ-ಎನ್ ಮಾತ್ರೆಯೂ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದೂ ಮುಖ್ಯವಾಗಿ ಅಂಡ ಬಿಡುಗಡೆಯನ್ನು ತಡೆಯುತ್ತವೆ. ವಂಕಿ, ಅಂದರೆ ಕಾಪರ್ ಟಿ, ಮುಖ್ಯವಾಗಿ ವೀರ್ಯಾಣುವನ್ನು ನಿಷ್ಕ್ರಿಯಗೊಳಿಸುತ್ತದೆ. ಅಪರೂಪಕ್ಕೆ ಫಲಿತ ಅಂಡ ನೆಲೆಯೂರುವುದನ್ನೂ ತಡೆಯಬಹುದೇ ಎಂಬ ಚರ್ಚೆ ಮುಗಿದಿಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾಲಯದಲ್ಲಿ ಹುಟ್ಟಿದ, ಹಾರ್ಮೋನ್ ಅಲ್ಲದ ಛಾಯಾ ಮಾತ್ರೆ ಬೇರೆ ಜಾತಿಯದು. ಅದು ಅಂಡ ಬಿಡುಗಡೆಯನ್ನು ಸಾಮಾನ್ಯವಾಗಿ ತಡೆಯುವುದಿಲ್ಲ, ಗರ್ಭಕೋಶದ ಒಳಪದರ ಫಲಿತ ಅಂಡಕ್ಕೆ ಹೊಂದದಂತೆ ಮಾಡುತ್ತದೆಂದು ವೈದ್ಯರು ವಿವರಿಸುತ್ತಾರೆ. ಫಲಿತವಾದ ಗಳಿಗೆಯಿಂದಲೇ ಜೀವವೆಂದು ನಂಬುವವರು, ಗರ್ಭನಿರೋಧಕವನ್ನು ಒಪ್ಪುವ ಸಭೆಗಳವರಾಗಿದ್ದರೂ, ಇದನ್ನು ವೈದ್ಯರಲ್ಲಿ ಬಿಡಿಸಿ ಕೇಳಬೇಕು. ಆಶಾ ಕಾರ್ಯಕರ್ತೆ ಕೊಟ್ಟರೆಂದು ಕೇಳದೆ ನುಂಗಿ, ವರ್ಷಗಳ ನಂತರ ಪಾಪನಿವೇದನೆಯಲ್ಲಿ ಅಳುವವರನ್ನು ನಾನು ಬಲ್ಲೆ.

ಎರಡು ಮಕ್ಕಳಾದ ಮೇಲೆ ಆಪರೇಷನ್ ಮಾಡಿಸಿಕೊಂಡೆ. ಪರಮ ಪ್ರಸಾದ ತೆಗೆದುಕೊಳ್ಳಬಹುದೇ?

ಕ್ಯಾಥೊಲಿಕ್ ಬೋಧನೆ ಸಂತಾನ ತಡೆಯಲೆಂದೇ ಮಾಡುವ ಶಸ್ತ್ರಕ್ರಿಯೆಯನ್ನು ತಪ್ಪೆನ್ನುತ್ತದೆ. ಆದರೆ ಅದು ಮುಗಿದುಹೋದ ಒಂದು ಕ್ರಿಯೆ. ಪಶ್ಚಾತ್ತಾಪಪಟ್ಟು ಪಾಪನಿವೇದನೆ ಮಾಡಿದವರು ಪರಮ ಪ್ರಸಾದ ಸ್ವೀಕರಿಸಬಹುದು. ಅದನ್ನು ತಿರುಗಿ ಜೋಡಿಸಲು ಮತ್ತೊಂದು ಶಸ್ತ್ರಕ್ರಿಯೆ ಮಾಡಿಸಬೇಕೆಂದು ಗುರುಗಳು ಸಾಮಾನ್ಯವಾಗಿ ಒತ್ತಾಯಿಸುವುದಿಲ್ಲ, ಗಂಡನಿಂದ ದೂರವಿರಬೇಕೆಂದೂ ಇಲ್ಲ. ಇನ್ನೊಂದು ಮಾತು. ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ಶಸ್ತ್ರಕ್ರಿಯೆ ಆಗಿದೆ, ಗಂಡಸರ ಪಾಲು ಇಲ್ಲವೆನ್ನುವಷ್ಟು ಕಡಿಮೆ. ಹೆರಿಗೆಯ ಮಂಚದ ಮೇಲೆಯೇ ಅತ್ತೆ, ಗಂಡ, ನರ್ಸು ಸೇರಿ ಸಹಿ ಹಾಕಿಸಿದ್ದರೆ ಆ ಹೊಣೆಯೆಲ್ಲ ನಿಮ್ಮೊಬ್ಬರದೇ ಎಂದು ಹೊತ್ತುಕೊಳ್ಳಬೇಡಿ.

## ಬಿಡಿಸಲು ಕಷ್ಟವಾದವು

ಪಿ.ಸಿ.ಓ.ಎಸ್. (ಅಂಡಾಶಯದ, ಹಾರ್ಮೋನಿನ ತೊಂದರೆ) ಇದೆ ಅಂತ ಡಾಕ್ಟರು ಗರ್ಭನಿರೋಧಕ ಮಾತ್ರೆಯನ್ನೇ ಬರೆದಿದ್ದಾರೆ.

ತೆಗೆದುಕೊಳ್ಳಿ. ಕಾಯಿಲೆಗೆ ಅಗತ್ಯವಾದ ಚಿಕಿತ್ಸೆಯಿಂದ ಗರ್ಭಧಾರಣೆಗೆ ತಡೆಯಾದರೂ, ಆ ತಡೆ ಉದ್ದೇಶವಾಗಿರದಿದ್ದರೆ, ಅದು ತಪ್ಪಲ್ಲ ಎಂದು 'ಹುಮಾನೆ ವೀಟೆ'ಯ ಹದಿನೈದನೆಯ ಪರಿಚ್ಛೇದವೇ ಹೇಳುತ್ತದೆ.

ನನಗೆ ಮಗು ಆಗುವುದಿಲ್ಲ ಅಂತ ಗೊತ್ತಾಗಿದೆ. ಹಾಗಾದರೆ ನಮ್ಮ ಸಂಬಂಧಕ್ಕೆ ಏನು ಅರ್ಥ?

ಬಂಜೆತನ ಮದುವೆಯನ್ನು ತಡೆಯುವುದೂ ಇಲ್ಲ, ಅಸಿಂಧುಗೊಳಿಸುವುದೂ ಇಲ್ಲ ಎಂದು ಕ್ಯಾಥೊಲಿಕ್ ಕಾನೂನಿನ 1084ನೆಯ ವಿಧಿ ಹೇಳುತ್ತದೆ. ಬೈಬಲಿನಲ್ಲಿ ಮಕ್ಕಳಿಲ್ಲದೆ ಅಳುತ್ತಿದ್ದ ಹನ್ನಳಿಗೆ ಗಂಡ ಎಲ್ಕಾನ ಕೇಳಿದ್ದು, ಹತ್ತು ಮಂದಿ ಮಕ್ಕಳಿಗಿಂತ ನಾನು ನಿನಗೆ ಹೆಚ್ಚಲ್ಲವೇ ಎಂದು. ಅವಳ ನೋವು ಅದರಿಂದ ತೀರಲಿಲ್ಲ ನಿಜ, ಆದರೆ ಅವರ ದಾಂಪತ್ಯ ಸಮೂವೇಲ ಹುಟ್ಟುವುದಕ್ಕೆ ಮುಂಚೆಯೂ ದಾಂಪತ್ಯವೇ ಆಗಿತ್ತು. ಮುಟ್ಟು ನಿಂತ ಮೇಲೂ ಮಾತು ಇದೇ. ಹಾಗಾದರೆ ಪ್ರತಿ ಕೂಟವೂ ಸಂತಾನಕ್ಕೆ ತೆರೆದಿರಬೇಕೆಂಬ ನಿಯಮ ಎಲ್ಲಿ ಉಳಿಯಿತು ಎಂದು ಟೀಕಾಕಾರರು ಕೇಳುತ್ತಾರೆ. ಪ್ರಕೃತಿ ಮುಚ್ಚಿದ್ದು ಬೇರೆ, ನಾವಾಗಿ ಮುಚ್ಚಿದ್ದು ಬೇರೆ ಎಂಬುದು ಧರ್ಮಸಭೆಯ ಉತ್ತರ.

"ಹೆಂಡತಿಗೆ ತನ್ನ ದೇಹದ ಮೇಲೆ ಅಧಿಕಾರವಿಲ್ಲ" ಅಂತ ವಾಕ್ಯ ತೋರಿಸುತ್ತಾರೆ. ಯಾವಾಗ ಕೇಳಿದರೂ ಒಪ್ಪಲೇಬೇಕೇ?

ಬೇಕಿಲ್ಲ. ಪೌಲನು ಬರೆದ ಅದೇ ವಚನದ ಉಳಿದರ್ಧವನ್ನು ಓದಲು ಹೇಳಿ: ಹಾಗೆಯೇ ಗಂಡನಿಗೂ ತನ್ನ ದೇಹದ ಮೇಲೆ ಅಧಿಕಾರವಿಲ್ಲ, ಅದು ಹೆಂಡತಿಗಿದೆ. ಮೊದಲನೆಯ ಶತಮಾನದ ರೋಮನ್ ಗಂಡಸಿಗೆ ಹಾಗೆ ಬರೆಯುವುದು ಸಣ್ಣ ಮಾತಲ್ಲ. ಸಂಗಾತಿಯ ಸ್ಥಿತಿಯನ್ನೂ ಇಷ್ಟವನ್ನೂ ಲೆಕ್ಕಿಸದೆ ಹೇರಿದ ಮಿಲನ ನಿಜವಾದ ಪ್ರೀತಿಯ ಕ್ರಿಯೆಯಲ್ಲ ಎಂದು 'ಹುಮಾನೆ ವೀಟೆ' ತನ್ನ ಹದಿಮೂರನೆಯ ಪರಿಚ್ಛೇದದಲ್ಲಿ, ಗರ್ಭನಿರೋಧಕವನ್ನು ಖಂಡಿಸುವುದಕ್ಕೂ ಮುಂಚೆ, ಹೇಳಿದೆ. ಹೊಡೆತ, ಬಲವಂತ ಇದ್ದರೆ ಅದು ಪಾಪನಿವೇದನೆಯ ವಿಷಯವಷ್ಟೇ ಅಲ್ಲ. ತವರಿನವರಿಗೂ ಪೊಲೀಸರಿಗೂ ತಿಳಿಸಿ.

ನಾನು ಕ್ಯಾಥೊಲಿಕ್, ಅವರು ಸಿ.ಎಸ್.ಐ. ಅವರ ಅಯ್ಯನವರು ತಪ್ಪಿಲ್ಲ ಅನ್ನುತ್ತಾರೆ, ನಮ್ಮ ಫಾದರ್ ತಪ್ಪು ಅನ್ನುತ್ತಾರೆ. ಯಾರ ಮಾತು ಕೇಳಬೇಕು?

ಮಿಶ್ರ ವಿವಾಹಕ್ಕೆ ಅನುಮತಿ ಕೇಳುವಾಗ ಕ್ಯಾಥೊಲಿಕರಾದ ನೀವು, ಮಕ್ಕಳಿಗೆ ಕ್ಯಾಥೊಲಿಕ್ ದೀಕ್ಷೆ ಕೊಡಿಸಿ ಬೆಳೆಸಲು ಆದಷ್ಟು ಮಾಡುತ್ತೇನೆಂದು ಮಾತು ಕೊಡುತ್ತೀರಿ. ಆ ಕಾಗದದಲ್ಲಿ ಈ ವಿಷಯದ ಹೆಸರಿಲ್ಲದ ಕಾರಣ ಎಷ್ಟೋ ಜೋಡಿಗಳು ಇದನ್ನು ಮಾತನಾಡದೆಯೇ ಮದುವೆಯಾಗುತ್ತಾರೆ. ಗಂಡನ ಕಡೆಯ ಸಭೆ ಅವರ ಮನಸ್ಸಾಕ್ಷಿಗೆ ಬಿಟ್ಟಿದೆ. ಆ ಬಿಡುವಿನಲ್ಲಿಯೇ ಅವರು ನಿಮ್ಮ ಮನಸ್ಸಾಕ್ಷಿಗಾಗಿ ನೈಸರ್ಗಿಕ ವಿಧಾನವನ್ನು ಆರಿಸಿಕೊಳ್ಳಬಹುದು, ಹಾಗೆ ಆರಿಸಿಕೊಂಡವರೂ ಇದ್ದಾರೆ. ಅವರು ಒಪ್ಪದೆ ತಾವೇ ಕಾಂಡೋಮ್ ಬಳಸಿದರೆ, ದಾಂಪತ್ಯ ಮುರಿಯಬಾರದೆಂದು ಸಮ್ಮತಿಸುವ ಸಂಗಾತಿಯ ಸ್ಥಿತಿಯನ್ನು 1997ರಲ್ಲಿ ಪಾಪನಿವೇದನೆ ಕೇಳುವ ಗುರುಗಳಿಗಾಗಿ ವ್ಯಾಟಿಕನ್ ಕೊಟ್ಟ ಕೈಪಿಡಿ ಪ್ರತ್ಯೇಕವಾಗಿ ಪರಿಗಣಿಸುತ್ತದೆ: ನೀವು ಮಾಡುವುದು ಸ್ವತಃ ತಪ್ಪಾಗಿರಬಾರದು, ತಕ್ಕಷ್ಟು ತೂಕದ ಕಾರಣವಿರಬೇಕು, ಸಮಯ ನೋಡಿ ನಿಮ್ಮ ಮನಸ್ಸನ್ನು ಅವರಿಗೆ ಹೇಳುತ್ತಿರಬೇಕು. ಈ ಕೈಪಿಡಿ ಇದೆಯೆಂದು ಎಲ್ಲ ಗುರುಗಳಿಗೂ ನೆನಪಿರುವುದಿಲ್ಲ. ಫಾದರ್ ಬಳಿ ಹೋಗುವಾಗ 1997ರ ಆ ಕೈಪಿಡಿಯ ಮಾತೆತ್ತಿಯೇ ಕೇಳಿ, ಸಾಧ್ಯವಾದರೆ ಇಬ್ಬರೂ ಒಟ್ಟಿಗೆ ಹೋಗಿ, ನಿಶ್ಚಿತಾರ್ಥಕ್ಕೆ ಮುಂಚೆಯೇ ಹೋಗಿ.